ರಬ್ಬರ್ ಕೈಯಲ್ಲೂ ರಕ್ತ ಹುಡುಕಿದ ಪ್ಲಾಸ್ಟರ್ ಮಾವ

ಬೆಳಗಿನ ಆರು ಗಂಟೆ. ಸರ್ಕಾರಿ ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಎಕ್ಸ್-ರೇ ಕೋಣೆ ದಾಟಿದ ಮೇಲೆ ಬಲಕ್ಕೆ ಸಿಗುವ ಸಣ್ಣ ಕೋಣೆಯ ಬಾಗಿಲು ತೆರೆದುಕೊಳ್ಳುತ್ತದೆ. ನೆಲ, ಗೋಡೆಯ ಬುಡ, ಬಕೆಟ್ಟಿನ ಅಂಚು, ಸ್ವಿಚ್ಚಿನ ಗುಂಡಿ, ಎಲ್ಲವೂ ಹಿಟ್ಟಿನ ಗಿರಣಿಯ ಹಾಗೆ ಬೆಳ್ಳಗಿವೆ. ನಲವತ್ತನಾಲ್ಕು ದಾಟಿದ ಗಂಡಸೊಬ್ಬರು ಬಕೆಟ್ಟಿಗೆ ನೀರು ತುಂಬಿಸಿ, ಅಂಗಿಯ ತೋಳು ಮಡಚಿ, ಮೊಣಕೈಯನ್ನು ನೀರಿಗೆ ಅದ್ದಿ ನೋಡುತ್ತಾರೆ, ಕೂಸಿಗೆ ನೀರು ಹಾಕುವ ಮುಂಚೆ ತಾಯಿ ನೋಡುವ ಹಾಗೆ. ಆಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಏನು ಕೇಳಿಕೊಂಡರು ಎನ್ನುವುದು ಅವರಿಗೂ ಕೇಳಿಸಿಕೊಂಡವನಿಗೂ ಮಾತ್ರ ಗೊತ್ತು.

ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಪ್ಲಾಸ್ಟರ್ ಮಾವ ಎಂದು. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವ ಅಕ್ಕನವರೆಗೆ ಎಲ್ಲರಿಗೂ ಅವರು ಮಾವನೇ. ಇಷ್ಟು ಜನ ಅಳಿಯಂದಿರು, ಸೊಸೆಯಂದಿರು ಇರುವ ಮನುಷ್ಯ ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ.

ದಿನದ ಮೊದಲ ರೋಗಿ ಒಬ್ಬ ಅಜ್ಜಿ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದಾರೆ. ಗಾಲಿಕುರ್ಚಿ ತಳ್ಳಿಕೊಂಡು ಬಂದವರು ಅವರ ಅಳಿಯ. ಮಾವ ಕುರ್ಚಿಯ ಪಕ್ಕ ಮಂಡಿಯೂರಿ ಕೂತು ಮೊದಲು ನೋಡುವುದು ಮುರಿದ ಕಡೆಯನ್ನಲ್ಲ, ಬೆರಳುಗಳನ್ನು.

"ಉಂಗುರ ತೆಗೀಬೇಕಲ್ಲ ಅಜ್ಜಿ."

"ನಮ್ಮ ಯಜಮಾನರು ಹಾಕಿದ್ದು ಇದು. ಅವರು ಹೋದ್ಮೇಲೂ ತೆಗ್ದಿಲ್ಲ. ನಿನಗ್ಯಾಕೆ ತೆಗ್ದು ಕೊಡ್ಲಿ?"

"ನನಗಲ್ಲ, ನಿಮ್ಮ ಬೆರಳಿಗೋಸ್ಕರ. ಸಂಜೆ ಹೊತ್ತಿಗೆ ಕೈ ಊದ್ಕೊಂಡ್ರೆ ಉಂಗುರ ಬೆರಳನ್ನೇ ನುಂಗುತ್ತೆ."

ಅಜ್ಜಿ ಸ್ವಲ್ಪ ಯೋಚಿಸುತ್ತಾರೆ. "ತೆಗಿ ಹಂಗಾದ್ರೆ. ಆದ್ರೆ ಅಳಿಯನ ಕೈಗೆ ಕೊಡಬೇಡ."

ಅಳಿಯ ಗೋಡೆಗೆ ಅಂಟಿಸಿದ ಮೂಳೆಯ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗುತ್ತಾರೆ. ಮಾವ ಬೆರಳಿಗೆ ಸಾಬೂನು ಹಚ್ಚಿ, ಉಂಗುರದ ಅಡಿ ದಾರ ತೂರಿಸಿ, ಬೆರಳ ತುದಿಯವರೆಗೆ ಒತ್ತಾಗಿ ಸುತ್ತಿ, ಮತ್ತೆ ಹಿಂದಿನಿಂದ ಬಿಚ್ಚುತ್ತಾ ಬರುತ್ತಾರೆ. ನಲವತ್ತು ವರ್ಷ ಕದಲದ ಉಂಗುರ ದಾರದ ಹಿಂದೆ ಹಿಂದೆ ನಡೆದು ಬಂದು ಅಜ್ಜಿಯ ಎಡ ಅಂಗೈಗೆ ಬೀಳುತ್ತದೆ.

ಡ್ಯೂಟಿಯ ಡಾಕ್ಟರಮ್ಮ ಬಂದು ಸೂಜಿ ಕೊಟ್ಟು ನೋವು ಮರೆಸಿ, ಮೂಳೆಯನ್ನು ಎಳೆದು ಕೂಡಿಸುತ್ತಾರೆ. ಅಲ್ಲಿಂದ ಮುಂದಿನದು ಮಾವನ ಕೆಲಸ. ಮೊದಲು ಹತ್ತಿಯ ಮೆತ್ತೆ. ಆಮೇಲೆ ಪ್ಲಾಸ್ಟರ್ ಪಟ್ಟಿಯ ಸುರುಳಿಯನ್ನು ನೀರಿಗಿಳಿಸಿ, ಗುಳ್ಳೆ ನಿಲ್ಲುವವರೆಗೆ ಕಾದು, ಮೆಲ್ಲಗೆ ಹಿಂಡಿ, ಸುತ್ತು ಸುತ್ತಾಗಿ ಹಾಯಿಸಿ ಅಂಗೈಯಿಂದ ನೇವರಿಸುತ್ತಾರೆ. ಬೆರಳು ತಾಗಿಸುವುದಿಲ್ಲ. ಹಸಿ ಪ್ಲಾಸ್ಟರಿಗೆ ಬೆರಳು ಒತ್ತಿದರೆ ಕುಳಿ ಬೀಳುತ್ತದೆ, ಆ ಕುಳಿ ಒಳಗೆ ಚರ್ಮವನ್ನು ಕಚ್ಚುತ್ತದೆ. ಎಲ್ಲ ಮುಗಿದ ಮೇಲೆ ಅಜ್ಜಿಯ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡುತ್ತಾರೆ. ಬೆಳ್ಳಗಾದ ಉಗುರು ಒಂದು, ಎರಡು ಎನ್ನುವಷ್ಟರಲ್ಲಿ ಮತ್ತೆ ಕೆಂಪಾಗುತ್ತದೆ. ರಕ್ತ ಸಲೀಸಾಗಿ ಓಡಾಡುತ್ತಿದೆ ಎಂದು ಅದರ ಅರ್ಥ.

"ನೀನು ಡಾಕ್ಟರೇನಪ್ಪಾ?" ಅಜ್ಜಿ ಕೇಳುತ್ತಾರೆ.

"ಅಲ್ಲ ಅಜ್ಜಿ."

"ನರ್ಸೋ?"

"ಅದೂ ಅಲ್ಲ."

"ಮತ್ತೆ ಯಾರು ನೀನು? ಆಗ್ಲೇ ನನ್ನ ಕೈಗೆ ಗೋಡೆ ಕಟ್ಟಿಬಿಟ್ಟೆ!"

"ಗುರುವಾರ ಹೇಳ್ತೀನಿ," ಎನ್ನುತ್ತಾ ನಗುತ್ತಾರೆ ಮಾವ.

ಅದು ತಮಾಷೆಗೆ ಹೇಳಿದ ಮಾತಲ್ಲ. ಹತ್ತೊಂಬತ್ತು ವರ್ಷ ಈ ಕೋಣೆಯಲ್ಲಿ ಸಹಾಯಕ ಎಂಬ ಹೆಸರಿನಲ್ಲಿ ದುಡಿದವರು ಈಗ ಓದಿ, ಪರೀಕ್ಷೆ ಕಟ್ಟಿ, ಅರೆವೈದ್ಯಕೀಯ ಸಿಬ್ಬಂದಿಯ ಆಯ್ಕೆ ಪಟ್ಟಿಗೆ ಸೇರಿದ್ದಾರೆ. ಗುರುವಾರ ಇಲಾಖೆಯ ಕಚೇರಿಯಲ್ಲಿ ಜಾಗ ಹಂಚುತ್ತಾರೆ. ಅಂಕ ಹೆಚ್ಚಿದ್ದವರಿಗೆ ಮೊದಲ ಆಯ್ಕೆ. ಇಪ್ಪತ್ತಾರು ಜನರ ಪಟ್ಟಿಯಲ್ಲಿ ಮಾವ ಇಪ್ಪತ್ತಾರನೆಯವರು. ಈ ಕೋಣೆ ಇವರಿಗೆ ಉಳಿಯುತ್ತದೋ, ಇವರಿಗಿಂತ ಮೇಲಿರುವ ಇಪ್ಪತ್ತೈದು ಜನರಲ್ಲಿ ಯಾರ ಪಾಲಾಗುತ್ತದೋ ಗೊತ್ತಿಲ್ಲ.

ಮಾವ ಈ ಆಸ್ಪತ್ರೆಗೆ ಬಂದಾಗ ಪ್ರಾಯ ಇಪ್ಪತ್ತೈದು. ಟ್ರಾಲಿ ತಳ್ಳುವ ಗುತ್ತಿಗೆ ಕೆಲಸ. ಆಗ ಪ್ಲಾಸ್ಟರ್ ಕೋಣೆಯಲ್ಲಿ ಇದ್ದ ಹಿರಿಯರೊಬ್ಬರಿಗೆ ಮಂಡಿನೋವು. ಬಗ್ಗಲು ಆಗುತ್ತಿರಲಿಲ್ಲ. ರೋಗಿಯ ಕಾಲು ಎತ್ತಿ ಹಿಡಿಯಲು ಒಬ್ಬರು ಬೇಕಿತ್ತು. ಹಿಡಿಯಲು ಹೋದವರು ಸುತ್ತಲು ಕಲಿತರು. ಹಿರಿಯರು ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರೂ ಬರಲಿಲ್ಲ. ಡಾಕ್ಟರು ನಿಂತು ನೋಡುತ್ತಾರೆ, ಮಾವ ಸುತ್ತುತ್ತಾರೆ. ಹೀಗೇ ವರ್ಷಗಳು ಉರುಳಿದವು. ದಿನಕ್ಕೆ ಇಪ್ಪತ್ತೆರಡರಿಂದ ಮೂವತ್ತು ಹೊಸ ಪ್ಲಾಸ್ಟರ್, ಹದಿನೈದಾದರೂ ಬಿಚ್ಚುವುದು. ಶಾಲೆಗೆ ರಜೆ ಬಿಟ್ಟರೆ ನಲವತ್ತು ದಾಟುತ್ತದೆ. "ಮರ ಹತ್ತೋರು, ಗೋಡೆ ಹಾರೋರು ಎಲ್ಲ ನಮ್ಮ ನೆಂಟರೇ," ಎನ್ನುತ್ತಾರೆ ಮಾವ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಮೂಳೆಗೆ ಒಪ್ಪುವಷ್ಟು ಮಡಕೆಗೂ ಒಪ್ಪಲಿಕ್ಕಿಲ್ಲ. ಮುರಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ, ಕೂಡುವುದು ಆರು ವಾರಕ್ಕೆ.

ಐದು ವರ್ಷದ ಹಿಂದೆ ಸೂಚನಾ ಫಲಕಕ್ಕೆ ಒಂದು ಹಾಳೆ ಬಿತ್ತು. ಇನ್ನು ಮುಂದೆ ನೋಂದಣಿ ಇಲ್ಲದವರು ರೋಗಿಗೆ ಪ್ಲಾಸ್ಟರ್ ಹಾಕುವಂತಿಲ್ಲ. ಹತ್ತನೇ ತರಗತಿ ಪಾಸಾಗಿರಬೇಕು. ವಿಜ್ಞಾನ ಓದಿರಬೇಕು. ಮಾನ್ಯತೆ ಇರುವ ಸಂಸ್ಥೆಯಲ್ಲಿ ಎರಡು ವರ್ಷದ ಡಿಪ್ಲೊಮಾ ಮಾಡಿ, ಅರೆವೈದ್ಯಕೀಯ ಮಂಡಳಿಯಲ್ಲಿ ಹೆಸರು ನೋಂದಾಯಿಸಿರಬೇಕು. ವಯಸ್ಸು ನಲವತ್ತೈದು ಮೀರಿರಬಾರದು. ಈಗಾಗಲೇ ಕೆಲಸದಲ್ಲಿ ಇರುವವರಿಗೆ ಐದು ವರ್ಷದ ಗಡುವು. ಆಗದವರನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಕಳಿಸಲಾಗುವುದು.

ಮಾವನ ಹತ್ತಿರ ಇದ್ದದ್ದು ಒಂಬತ್ತನೇ ತರಗತಿಯ ಅಂಕಪಟ್ಟಿ, ಗಣಿತದಲ್ಲಿ ನಪಾಸಾದ ಹತ್ತನೇ ತರಗತಿಯ ಇನ್ನೊಂದು ಅಂಕಪಟ್ಟಿ, ಮತ್ತು ಎರಡು ಕೈ. ಅರ್ಜಿಯಲ್ಲಿ ಕೈಗೆ ಕಾಲಂ ಇರಲಿಲ್ಲ.

ಇಂಥ ಕಡೆ ಸರ್ಕಾರವನ್ನು ಬೈದು ಮುಂದೆ ಹೋಗುವುದು ಸುಲಭ. ಮಾವ ಮಾತ್ರ ಬೈಯುವುದಿಲ್ಲ. "ರೂಲು ಸರಿಯಾಗೇ ಇದೆ. ನಾನು ನೋಡಿ ಕಲಿತೆ, ಸರಿ. ಇನ್ನೊಬ್ಬ ಅರ್ಧಂಬರ್ಧ ನೋಡಿ ಬಂದು ಬಿಗಿಯಾಗಿ ಸುತ್ತಿದ್ರೆ? ಕೈ ಕಪ್ಪಾಗುತ್ತೆ. ಕೈ ಹೋದ್ಮೇಲೆ ಅವನು ಒಳ್ಳೆಯವನು ಅಂದ್ರೆ ಏನು ಬಂತು?"

ಹಾಗೆ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಮಾವ ಮತ್ತೆ ಪುಸ್ತಕ ಹಿಡಿದರು. ಹಿಡಿಸಿದವರು ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ಈಕೆ ಆಸ್ಪತ್ರೆಗೆ ಕೈ ನೇತುಹಾಕುವ ಬಟ್ಟೆಪಟ್ಟಿಗಳನ್ನೂ ಹೊಲಿದು ಕೊಡುತ್ತಾರೆ. ಕಾಲು ಮಿಷನ್ ತುಳಿಯುತ್ತಿರುತ್ತದೆ, ಬಾಯಿ ಪ್ರಶ್ನೆ ಕೇಳುತ್ತಿರುತ್ತದೆ.

"ಮುಂಗೈಯಲ್ಲಿ ಮೂಳೆ ಎಷ್ಟು?"

"ಎರಡು."

"ಹೆಸರು?"

"ರೇಡಿಯಸ್ಸು... ಇನ್ನೊಂದು, ಅದೇ, ಕಿರುಬೆರಳ ಕಡೇದು."

"ಕಿರುಬೆರಳ ಕಡೇದು ಅಂತ ಬರೆದ್ರೆ ಯಾರೂ ಮಾರ್ಕ್ ಕೊಡಲ್ಲ. ಅಲ್ನಾ. ಅಲ್ರೀ, ಮೈಯಲ್ಲಿ ಇನ್ನೂರಾ ಆರು ಮೂಳೆ ಅಂತೆ. ನಿಮಗೆ ಓದೋಕೆ ಬಗ್ಗೋ ಮೂಳೆ ಒಂದೂ ಇಲ್ವಾ?"

ಬಟ್ಟೆ ಅಳತೆ ಕೊಡಲು ಬಂದ ನೆರೆಮನೆಯವರೆಲ್ಲ ಈ ಪಾಠ ಕೇಳಿ ಕೇಳಿ ಮೂಳೆಗಳ ಹೆಸರು ಬಾಯಿಪಾಠ ಮಾಡಿಕೊಂಡಿದ್ದಾರೆ. ಪಕ್ಕದ ಮನೆಯ ಅತ್ತಿಗೆ ಈಗ ಮಂಡಿನೋವು ಎನ್ನುವುದಿಲ್ಲ, "ನನ್ನ ಪಟೆಲ್ಲಾ ಹಿಡ್ಕೊಂಡಿದೆ" ಎನ್ನುತ್ತಾರೆ.

ಗಣಿತ ಎರಡೇ ಅಂಕ ಹೆಚ್ಚಿಗೆ ಕೊಟ್ಟು ಮಾವನನ್ನು ದಾಟಿಸಿತು. ಡಿಪ್ಲೊಮಾಕ್ಕೆ ಸೀಟು ಸಿಗಲು ಒಂದು ವರ್ಷ ಕಾಯಬೇಕಾಯಿತು. ತರಗತಿ ನಡೆಯುವುದು ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲೇ. ಬೆಳಗ್ಗೆ ಆರರಿಂದ ಒಂಬತ್ತೂವರೆ ಪ್ಲಾಸ್ಟರ್ ಕೋಣೆ, ಹತ್ತರಿಂದ ನಾಲ್ಕು ಬೆಂಚು, ಆಮೇಲೆ ಮತ್ತೆ ಕೋಣೆ. ಪಕ್ಕ ಕೂತವರೆಲ್ಲ ಹದಿನೆಂಟು ಹತ್ತೊಂಬತ್ತರ ಪ್ರಾಯದವರು. ಬಿಳಿ ಮೆತ್ತಿದ ಕೈಯಲ್ಲೇ ಕ್ಲಾಸಿಗೆ ಓಡಿ ಬರುವ ಇವರನ್ನು ನೋಡಿ ಒಬ್ಬಳು, "ಮಾವ, ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನೀವು ಮೊಸರನ್ನ ಕೈಗೇ ಹಚ್ಕೊಂಡು ಬಂದಿದೀರಲ್ಲ" ಎಂದಿದ್ದಳಂತೆ. ಮಾವ ಅದನ್ನು ಹೇಳಿಕೊಂಡು ಈಗಲೂ ನಗುತ್ತಾರೆ.

ನಗದೇ ಹೇಳುವ ಸಂಗತಿಯೂ ಒಂದಿದೆ.

"ಮೊದಲೆಲ್ಲ ನಾನು ಪಟ್ಟೀನ ಬಿಸಿನೀರಲ್ಲಿ ಅದ್ದುತಿದ್ದೆ. ಬೇಗ ಗಟ್ಟಿಯಾಗುತ್ತೆ, ಹೊರಗೆ ಕಾಯೋರ ಸಾಲು ಬೇಗ ಕರಗುತ್ತೆ ಅಂತ. ಒಂದಿನ ಕ್ಲಾಸಲ್ಲಿ ಮೇಡಂ ಹೇಳಿದ್ರು, ಪ್ಲಾಸ್ಟರು ಗಟ್ಟಿಯಾಗೋವಾಗ ತಾನೇ ಕಾವು ಬಿಡುತ್ತೆ, ನೀರೂ ಬಿಸಿ ಇದ್ರೆ ಒಳಗೆ ಚರ್ಮ ಸುಡುತ್ತೆ ಅಂತ. ಅವತ್ತು ಊಟ ಸೇರಲಿಲ್ಲ. 'ಉರೀತಿದೆ ಮಾವ' ಅಂತ ಅತ್ತ ಮಕ್ಕಳ ಮುಖ ಎಲ್ಲ ಕಣ್ಣಮುಂದೆ ಬಂತು. ನಾನು ಏನಂದಿದ್ದೆ ಅವರಿಗೆ? ಸ್ವಲ್ಪ ಹೊತ್ತು ತಡ್ಕೋ ಅಂದಿದ್ದೆ."

ಅಂದಿನಿಂದ ಈ ಕೋಣೆಯಲ್ಲಿ ಬಿಸಿನೀರಿಲ್ಲ. ಮೊಣಕೈ ಅದ್ದಿ ನೋಡದೆ ಒಂದು ಸುರುಳಿಯೂ ನೀರಿಗೆ ಇಳಿಯುವುದಿಲ್ಲ. ಓದು ಎನ್ನುವುದು ಬರೀ ಕಾಗದ ಎಂದುಕೊಂಡಿದ್ದವರಿಗೆ ಅದು ಅಂದು ದೀಪದ ಹಾಗೆ ಕಂಡಿತು. ದೀಪ ಹಚ್ಚಿದರೆ ದೇವರ ಮುಖವೂ ಕಾಣುತ್ತದೆ, ನಮ್ಮ ಕೈಯ ಕೊಳೆಯೂ ಕಾಣುತ್ತದೆ.

ಇನ್ನು ಪರೀಕ್ಷೆಯ ಕತೆ. ಬರಹದಲ್ಲಿ ಮಾವ ಪಾಸು. ಉಳಿದದ್ದು ಕೈಕೆಲಸದ ಪರೀಕ್ಷೆ. ಇದು ಬಿಡಿ, ಮೀನಿಗೆ ಈಜು ಪರೀಕ್ಷೆ ಎಂದು ಎಲ್ಲರೂ ನಿಶ್ಚಿಂತೆಯಾಗಿದ್ದರು. ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಮೇಜಿನ ಮೇಲೆ ಒಂದು ರಬ್ಬರ್ ಕೈ. ಅದಕ್ಕೆ ಮೊಣಕೈ ಕೆಳಗೆ ಪ್ಲಾಸ್ಟರ್ ಹಾಕಬೇಕು. ಮಾವ ಹಾಕಿದರು. ಒಂದು ಸುಕ್ಕಿಲ್ಲ, ಒಂದು ಕುಳಿಯಿಲ್ಲ. ಹುಡುಗರು ತಮ್ಮ ಕೆಲಸ ಬಿಟ್ಟು ನೋಡುತ್ತಿದ್ದರು. ಮುಗಿಸಿ, ಅಭ್ಯಾಸದಂತೆ ಹೆಬ್ಬೆರಳಿನ ಉಗುರು ಒತ್ತಿದರು.

ರಬ್ಬರ್ ಉಗುರು. ಒತ್ತಿದರೂ ಅದೇ ಬಣ್ಣ, ಬಿಟ್ಟರೂ ಅದೇ ಬಣ್ಣ.

"ಒಂದು, ಎರಡು ಎಣಿಸಿದೆ. ರಕ್ತ ವಾಪಸ್ ಬರಲಿಲ್ಲ. ಮೂರು ಅಂದೆ. ಬರಲಿಲ್ಲ. ಆಮೇಲೆ ಏನು ಮಾಡಿದೆ ಅನ್ನೋದು ನನ್ನ ತಲೆಗೆ ಗೊತ್ತಿಲ್ಲ, ಕೈ ಮಾಡಿಬಿಡ್ತು," ಎನ್ನುತ್ತಾರೆ ಮಾವ.

ಕೈ ಮಾಡಿದ್ದು ಇಷ್ಟು: ದೊಡ್ಡ ಕತ್ತರಿ ತೆಗೆದುಕೊಂಡು ಆಗ ತಾನೇ ಹಾಕಿದ ಹಸಿ ಪ್ಲಾಸ್ಟರನ್ನು ತುದಿಯಿಂದ ಬುಡದವರೆಗೆ ಸರ್ರನೆ ಸೀಳಿಬಿಟ್ಟಿತು. ಒಳಗಿನ ಹತ್ತಿಯನ್ನೂ ಕತ್ತರಿಸಿ, ರಬ್ಬರ್ ಕೈಯನ್ನು ಮೇಲೆತ್ತಿ ಹಿಡಿದು, ಮಾವ ಬಾಗಿಲ ಕಡೆ ತಿರುಗಿ "ಡಾಕ್ಟರ್ ಬೇಗ ಬನ್ನಿ!" ಎಂದು ಕೂಗಿಯೂ ಆಗಿತ್ತು. ಕೋಣೆಯಲ್ಲಿ ಎದ್ದ ನಗು ಓಣಿಯ ಆ ತುದಿಗೂ ಕೇಳಿಸಿತಂತೆ.

ಪರೀಕ್ಷಕರು ನಿಯಮದ ಮನುಷ್ಯ. ಪರಿಶೀಲಿಸಲು ಪ್ಲಾಸ್ಟರೇ ಇಲ್ಲ, ಅಂಕ ಎಲ್ಲಿಂದ ಕೊಡುವುದು? ಸೊನ್ನೆ ಬಿತ್ತು. ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿಯ ಮಿಷನ್ ನಿಂತಿತು.

"ರಬ್ಬರ್ ಕೈ ಉಳೀತಾ?"

"ಉಳೀತು."

"ಹೋಗ್ಲಿ ಬಿಡಿ. ಒಂದು ಜೀವ ಉಳಿಸಿದ ಪುಣ್ಯ ಬಂತು," ಎಂದವರೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಕ್ಕು ನಕ್ಕು ಕೊನೆಗೆ ಕಣ್ಣೊರೆಸಿಕೊಂಡರು. ಮರುಪರೀಕ್ಷೆಗೆ ಆರು ತಿಂಗಳು. ಮಾವನಿಗೆ ನಲವತ್ತೈದು ತುಂಬಲು ಎಂಟು. ನಡುವೆ ಇನ್ನೊಂದು ಅವಕಾಶವಿಲ್ಲ.

ಹಳೆ ಅಂಗಿಯ ತೋಳಿಗೆ ಚಿಂದಿ ತುಂಬಿ, ಐದು ಬೆರಳು ಹೊಲಿದು, ಹೆಂಡತಿ ಒಂದು ಕೈ ಮಾಡಿಕೊಟ್ಟರು. ದಿನಾ ಸಂಜೆ ಅದಕ್ಕೆ ಪ್ಲಾಸ್ಟರ್. ಉಗುರು ಒತ್ತದೆ ಎದ್ದು ಬರುವುದು ಅಭ್ಯಾಸ. ಮೂರನೇ ವಾರಕ್ಕೆ ಮಾವ ಆ ಕೈಯನ್ನು ಪಕ್ಕಕ್ಕಿಟ್ಟು ಕೂತುಬಿಟ್ಟರು.

"ಇದು ಬೇಡ ಕಣೆ. ಒತ್ತದೇ ಇರೋದನ್ನ ಕಲಿತುಬಿಟ್ರೆ ನಾಳೆ ಕೋಣೆಯಲ್ಲಿ ನಿಜವಾದ ಕೈಗೂ ಒತ್ತಲ್ಲ. ಪಾಸಾಗೋಕೆ ಹೋಗಿ ಕೆಲಸಾನೇ ಕೆಡಿಸ್ಕೋತೀನಿ. ಮೇಲಿನವನಿಗೆ ಏನು ಉತ್ತರ ಹೇಳ್ಲಿ?"

ಹೆಂಡತಿ ಹಲ್ಲಿನಲ್ಲಿ ದಾರ ಕಡಿದು ಹೇಳಿದರು. "ಒತ್ತಬೇಡಿ ಅಂದವರು ಯಾರು? ಒತ್ತಿ. ಆದ್ರೆ ಒತ್ತಿದ ಮೇಲೆ ಕತ್ತರಿ ಎತ್ಕೋಬೇಡಿ, ಬಾಯಿ ಬಿಡಿ. ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಆ ಪುಣ್ಯಾತ್ಮನಿಗೆ ಹೆಂಗೆ ಗೊತ್ತಾಗ್ಬೇಕು? ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು, ನನಗೇ ಗೊತ್ತಾಗಲ್ಲ!"

ಮರುಪರೀಕ್ಷೆಗೂ ಅದೇ ಪರೀಕ್ಷಕರು, ಅದೇ ರಬ್ಬರ್ ಕೈ. ಮಾವ ಪ್ಲಾಸ್ಟರ್ ಮುಗಿಸಿದರು. ಉಗುರು ಒತ್ತಿದರು. ಬಿಟ್ಟರು. ಬಲಗೈ ಕತ್ತರಿಯ ಕಡೆ ಹೊರಟೇಬಿಟ್ಟಿತ್ತು. ಅದನ್ನು ಎಡಗೈಯಿಂದ ಹಿಡಿದುಕೊಂಡು, ಗಟ್ಟಿಯಾಗಿ ಹೇಳಿದರು. "ಸಾರ್, ಉಗುರಿಗೆ ರಕ್ತ ವಾಪಸ್ ಬಂದಿಲ್ಲ. ಇದು ಬೊಂಬೆ ಅಂತ ಬಿಡ್ತಾ ಇದೀನಿ. ಮನುಷ್ಯರಾಗಿದ್ರೆ ಬಿಡ್ತಿರಲಿಲ್ಲ."

ಪರೀಕ್ಷಕರು ಕನ್ನಡಕ ತೆಗೆದು ಮಾವನನ್ನು ನೋಡಿದರು. "ಮನುಷ್ಯರಾಗಿದ್ರೆ ಏನು ಮಾಡ್ತಿದ್ರಿ?"

ಮಾವ ಹೇಳಿದರು. ಪ್ಲಾಸ್ಟರನ್ನು ಉದ್ದಕ್ಕೂ ಸೀಳುವುದು, ಹತ್ತಿಯನ್ನೂ ಬಿಡದೆ ಚರ್ಮ ಕಾಣುವವರೆಗೆ ಕತ್ತರಿಸುವುದು, ತಕ್ಷಣ ಡಾಕ್ಟರನ್ನು ಕರೆಯುವುದು, ಅವರು ಬರುವವರೆಗೆ ರೋಗಿಯ ಪಕ್ಕದಿಂದ ಕದಲದಿರುವುದು, ಬೆರಳು ಮಡಚಲು ಬರುತ್ತದೆಯೇ, ಜೋಮು ಹಿಡಿದಿದೆಯೇ ಎಂದು ಕೇಳುತ್ತಲೇ ಇರುವುದು. ಹೇಳುತ್ತಾ ಹೋದಂತೆ ತಾವು ಪರೀಕ್ಷೆಯಲ್ಲಿ ಇದ್ದೇವೆ ಎನ್ನುವುದೇ ಅವರಿಗೆ ಮರೆತುಹೋಯಿತು. ಪುಸ್ತಕದಲ್ಲಿ ಇದ್ದದ್ದನ್ನೂ ಹೇಳಿದರು, ಹತ್ತೊಂಬತ್ತು ವರ್ಷ ರೋಗಿಗಳ ಕೈಗಳಲ್ಲಿ ಕಂಡದ್ದನ್ನೂ ಹೇಳಿದರು. ಪರೀಕ್ಷಕರು ನಡುವೆ ತಡೆಯಲಿಲ್ಲ. ಕೊನೆಗೆ, "ಹೋಗಿ ಕೈ ತೊಳ್ಕೊಳ್ಳಿ," ಎಂದಷ್ಟೇ ಅಂದರು. ನೂರಕ್ಕೆ ತೊಂಬತ್ತಾರು ಬಂದಿತ್ತು.

ನೋಂದಣಿಯಾಗಿ ಅರ್ಜಿ ಸಲ್ಲಿಸಿದಾಗ ನಲವತ್ತೈದಕ್ಕೆ ಇಪ್ಪತ್ತಮೂರು ದಿನ ಉಳಿದಿತ್ತು. ಆದರೆ ಆಯ್ಕೆಗೆ ಹತ್ತನೇ ತರಗತಿಯ ಅಂಕವನ್ನೂ ಕೂಡಿಸುತ್ತಾರೆ. ಎರಡು ಅಂಕದ ಗಣಿತ ಅಲ್ಲಿ ಬಂದು ಕಾಲು ಹಿಡಿದು ಎಳೆಯಿತು. ಹಾಗಾಗಿ ಇಪ್ಪತ್ತಾರನೇ ಸ್ಥಾನ.

ಗುರುವಾರ. ಇಲಾಖೆಯ ಕಚೇರಿಯ ಮೇಲಿನ ಮಹಡಿ. ಕಪ್ಪು ಹಲಗೆಯ ಮೇಲೆ ಹುದ್ದೆಗಳ ಪಟ್ಟಿ. ಶಸ್ತ್ರಚಿಕಿತ್ಸಾ ಕೊಠಡಿಗಳಿಗೆ ಏಳು, ತುರ್ತು ಚಿಕಿತ್ಸೆಗೆ ಹತ್ತು, ಆಂಬುಲೆನ್ಸಿಗೆ ಎಂಟು, ಮಾವನ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಗೆ ಒಂದೇ ಒಂದು. ಹೆಸರು ಕರೆದಂತೆ ಒಬ್ಬೊಬ್ಬರು ಹೋಗಿ ತಮಗೆ ಬೇಕಾದದ್ದನ್ನು ಹೇಳುತ್ತಾರೆ, ಗುಮಾಸ್ತರು ಅದರ ಮೇಲೆ ಗೆರೆ ಎಳೆಯುತ್ತಾರೆ. ಹಿಂದಿನ ಬೆಂಚಿನಲ್ಲಿ ಮಾವ. ಪಕ್ಕದಲ್ಲಿ ಕಾಗದಪತ್ರದ ಚೀಲ ಅವುಚಿಕೊಂಡ ಹೆಂಡತಿ.

ಏಳು ಜನರಿಗೆ ಶಸ್ತ್ರಚಿಕಿತ್ಸಾ ಕೊಠಡಿ ಮುಗಿಯಿತು. ಹತ್ತೊಂಬತ್ತನೆಯವಳು ಹಲಗೆಯ ಮುಂದೆ ನಿಂತು ಕೇಳಿದಳು. "ಪ್ಲಾಸ್ಟರ್ ಕೋಣೆಯಲ್ಲಿ ಏನು ಕೆಲಸ ಸಾರ್?"

ಮಾವ ಬೆಂಚಿನ ಅಂಚಿಗೆ ಸರಿದು ಕೂತರು.

"ದಿನಾ ನೀರಲ್ಲಿ ಕೈ, ಮೈತುಂಬ ಧೂಳು, ಕಿವಿತುಂಬ ಮಕ್ಕಳ ಅಳು," ಎಂದರು ಗುಮಾಸ್ತರು.

"ಆಂಬುಲೆನ್ಸ್ ಬರ್ಕೊಳ್ಳಿ," ಎಂದಳು ಅವಳು.

ಇಪ್ಪತ್ತಮೂರನೆಯವನು ಇನ್ನೂ ಕಷ್ಟ ಕೊಟ್ಟ. "ಆ ಆಸ್ಪತ್ರೆ ನಮ್ಮನೆಗೆ ಹತ್ರ. ಅಮ್ಮನ್ನ ಕೇಳಿ ಹೇಳ್ತೀನಿ," ಎಂದು ಫೋನ್ ಹಿಡಿದು ಹೊರಗೆ ಹೋದ. ಹೆಂಡತಿಯ ಐದೂ ಉಗುರು ಮಾವನ ತೋಳಿನಲ್ಲಿ ಇಳಿದವು. "ಅವರಮ್ಮನಿಗೆ ದೇವರು ಒಳ್ಳೆ ಬುದ್ಧಿ ಕೊಡ್ಲಿ," ಎಂದು ಆಕೆ ಪಿಸುಗುಟ್ಟಿದರು. ದೇವರು ಕೊಟ್ಟ. ಹುಡುಗ ಒಳಗೆ ಬಂದು, "ಧೂಳು ಆಗಲ್ಲ ಅಂತಿದಾರೆ ಅಮ್ಮ. ತುರ್ತು ಚಿಕಿತ್ಸೆ ಕೊಡಿ," ಎಂದ.

ಇಪ್ಪತ್ತನಾಲ್ಕು ಆಯಿತು. ಇಪ್ಪತ್ತೈದು ಆಯಿತು. ಮಾವನ ಹೆಸರು ಕರೆಯುವಾಗ ಗುಮಾಸ್ತರ ದನಿಯಲ್ಲಿ ಕನಿಕರವಿತ್ತು. ವಯಸ್ಸಾದವರು, ಕೊನೆಗೆ ನಿಂತವರು ಎಂದು.

"ಕ್ಷಮಿಸಿ ಯಜಮಾನ್ರೇ, ಆರಿಸ್ಕೊಳ್ಳೋಕೆ ನಿಮಗೆ ಏನೂ ಉಳಿದಿಲ್ಲ. ಇದೊಂದೇ. ಇದನ್ನ ಯಾರೂ ಮುಟ್ಟಲಿಲ್ಲ. ಪರವಾಗಿಲ್ವಾ?"

ನಕ್ಕರೆ ಎಲ್ಲಿ ಕೈತಪ್ಪುತ್ತದೋ ಎಂದು ಮಾವ ಹಲ್ಲು ಕಚ್ಚಿ ನೆಲ ನೋಡುತ್ತಾ ನಿಂತಿದ್ದರು. "ಪರವಾಗಿಲ್ಲ ಸಾರ್. ಹೇಗೋ ಅಡ್ಜಸ್ಟ್ ಮಾಡ್ಕೋತೀನಿ."

ಹಿಂದಿನ ಬೆಂಚಿನಲ್ಲಿ ಹೆಂಡತಿ ಗೋಡೆಗೆ ಮುಖ ಮಾಡಿದ್ದರು. ಭುಜ ಕುಲುಕುತ್ತಿತ್ತು. ಅದನ್ನು ಕಂಡ ಗುಮಾಸ್ತರು ಎದ್ದು ಹೋಗಿ ತಮ್ಮ ನೀರಿನ ಬಾಟಲಿಯನ್ನೇ ಮುಂದೆ ಹಿಡಿದರು. "ಅಳಬೇಡಿ ತಾಯಿ. ಎರಡು ವರ್ಷ ಹೇಗಾದ್ರೂ ಕಳೀರಿ. ಆಮೇಲೆ ವರ್ಗಾವಣೆಗೆ ಅರ್ಜಿ ಹಾಕಿದ್ರೆ ನಾನೇ ನೋಡಿ ಮಾಡಿಸಿಕೊಡ್ತೀನಿ."

ಆಕೆ ನೀರು ಕುಡಿದರಂತೆ. ಮಹಡಿ ಮೆಟ್ಟಿಲು ಇಳಿದು ರಸ್ತೆಗೆ ಬರುವವರೆಗೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ.

ಆದೇಶಪತ್ರ ಕೈಗೆ ಬಂದಿದೆ. ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದರೆ ಮಾವ ಬಕೆಟ್ಟಿನ ನೀರು ಚೆಲ್ಲಿ, ಹೊಸ ನೀರು ಹಿಡಿದು, ತುಸು ನಾಚಿಕೆಯಿಂದ ಹೇಳುತ್ತಾರೆ. "ಆ ಗುಮಾಸ್ತರು ಒಳ್ಳೆಯವರು. ಅವರ ಮುಂದೆ ಅಡ್ಜಸ್ಟ್ ಮಾಡ್ಕೋತೀನಿ ಅಂತ ಸುಳ್ಳು ಹೇಳಿಬಿಟ್ಟೆ, ಅದೊಂದು ಚುಚ್ಚುತ್ತೆ. ದೇವರಿಗೆ ಅವತ್ತು ಸಂಜೇನೇ ನಿಜ ಹೇಳಿ ಆಯ್ತು. ಒಂದು ದಿನ ರಜಾ ಸಿಕ್ಕಿದ್ರೆ ಆ ಗುಮಾಸ್ತರಿಗೂ ಹೋಗಿ ಹೇಳಿ ಬರಬೇಕು."